ಹಳೆಯ ಮನೆಯನ್ನು ಕೆಡಹುವ ಮುನ್ನ



ಪ್ರತಿವರ್ಷ ಮಳೆ ನಿಂತು ಕೊಯ್ಲು ಮುಗಿಯುತ್ತಲೇ ನಮ್ಮ ಮಲೆನಾಡಿನಲ್ಲಿ ಹಳೆಯ ಮನೆಗಳನ್ನು ಕೆಡಹುವ ಕೆಲಸ ಆರಂಭವಾಗುತ್ತದೆ. ಮಣ್ಣಿನ ಗೋಡೆ ಉರುಳಿ ತಾರಸಿ ಮನೆ ಏಳುತ್ತದೆ. ಮೊದಲ ಬೇಸಿಗೆಯಲ್ಲೇ ಮನೆಯವರು ಕೇಳುತ್ತಾರೆ: ರಾತ್ರಿ ಹನ್ನೊಂದಾದರೂ ಒಳಗೇಕೆ ಇಷ್ಟು ಸೆಕೆ?

ಐದಂಗುಲದ ಕಾಂಕ್ರೀಟ್ ತಾರಸಿಯನ್ನು ದಾಟಲು ಬಿಸಿಲಿನ ಶಾಖಕ್ಕೆ ಸುಮಾರು 3-4 ಗಂಟೆ ಸಾಕು. ಮಧ್ಯಾಹ್ನದ ಕಾವು ಸಂಜೆ ಒಳಗಿಳಿದು, ನಾವು ಮಲಗುವ ಹೊತ್ತಿನವರೆಗೂ ಹೊಮ್ಮುತ್ತಲೇ ಇರುತ್ತದೆ. ಒಂದೂವರೆ ಅಡಿಯ ಮಣ್ಣಿನ ಗೋಡೆಯನ್ನು ದಾಟಲು 10 ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ಬಹುಪಾಲು ಶಾಖ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹೆಂಚಿನಡಿಯ ಬಿಸಿಗಾಳಿ ಸಂದುಗಳಿಂದ ಹೊರಹೋಗುತ್ತದೆ. ಉಳಿದ ಕಾವನ್ನು ಅಟ್ಟದ ಹಲಗೆಗಳೂ ಅಲ್ಲಿಟ್ಟ ಭತ್ತ, ಅಡಿಕೆಯ ಮೂಟೆಗಳೂ ತಡೆಯುತ್ತವೆ. ಜಗಲಿ ಮತ್ತು ಸೂರು ಗೋಡೆಗೆ ಬಿಸಿಲೇ ತಾಗದಂತೆ ನೋಡಿಕೊಳ್ಳುತ್ತವೆ.

ಮಳೆಗಾಲದಲ್ಲಿ ಅದೇ ಸೂರಿಗೆ ಬೇರೊಂದು ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಅಧಿಕ ಮಳೆ. ಒದ್ದೆಯಾದ ಗೋಡೆ ಮನೆಯೊಳಗಿನ ಬೆಚ್ಚನೆಯನ್ನು ಬೇಗ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಹಿರಿಯರು ಸೂರನ್ನು ತಗ್ಗಿಸಿದರು, ಕಲ್ಲಿನ ಪಂಚಾಂಗ ಎತ್ತರಿಸಿದರು, ಗಾಳಿಮಳೆ ಬಡಿಯುವ ದಿಕ್ಕಿಗೆ ಸೋಗೆಯ ತಟ್ಟಿ ಕಟ್ಟಿದರು.

ಈ ಸೌಖ್ಯಕ್ಕೆ ವಿದ್ಯುತ್ ಬೇಕಿರಲಿಲ್ಲ. ತಾರಸಿ ಮನೆಗೆ ಫ್ಯಾನು ಬೇಕು, ಮುಂದೆ ಹವಾನಿಯಂತ್ರಕವೂ ಬಂದೀತು. ವಿದ್ಯುತ್ತಿನ ಬೆಲೆ ಬಿಲ್ಲಿನಲ್ಲಷ್ಟೇ ಇರುವುದಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು; ಮಣ್ಣಿನ ಗೋಡೆಗೆ ಬೆಂಕಿಯೇ ಬೇಡ.

ಹಾಗೆಂದು ಹಳೆಯ ಮನೆಯ ದೋಷಗಳನ್ನು ಮುಚ್ಚಿಡಲಾರೆ. ಅಟ್ಟದ ಮರವನ್ನು ಹುಳುವಿನಿಂದ ಕಾಪಾಡಿದ ಹೊಗೆಯನ್ನೇ ನಮ್ಮ ತಾಯಂದಿರು ಜೀವನಪೂರ್ತಿ ಉಸಿರಾಡಿದರು. ಕತ್ತಲ ಅಡುಗೆಮನೆಯಿಂದ ಬಿಡುಗಡೆ ಬಯಸಿದ ಹೆಣ್ಣುಮಕ್ಕಳು ಹೊಸ ಮನೆ ಕೇಳಿದರೆ ತಪ್ಪೇನು? ಆದರೆ ಅದಕ್ಕಾಗಿ ಇಡೀ ಮನೆಯನ್ನು ಕೆಡಹಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿ ದಾರಿ ತೋರಿತು. ನಾಲ್ಕಾರು ಗಾಜಿನ ಹೆಂಚು ಬೆಳಕು ತರುತ್ತವೆ. ಹೊಗೆಯಿಲ್ಲದ ಅಟ್ಟದ ಮರಕ್ಕೆ ಗೇರೆಣ್ಣೆ ಬಳಿಯಬಹುದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಏಪ್ರಿಲ್ ತಿಂಗಳಲ್ಲಿ ಒಂದು ಹಳೆಯ ಮನೆ, ಒಂದು ತಾರಸಿ ಮನೆಯಲ್ಲಿ ಒಂದೇ ಬಗೆಯ ತಾಪಮಾಪಕಗಳನ್ನು ಆಳೆತ್ತರಕ್ಕೆ ತೂಗುಹಾಕಿ. ಮಧ್ಯಾಹ್ನ 2 ಗಂಟೆ, ರಾತ್ರಿ 10 ಗಂಟೆಯ ಉಷ್ಣತೆಯನ್ನು ಹದಿನೈದು ದಿನ ಬರೆದಿಡಿ. ಆ ಪುಸ್ತಕವನ್ನು ಊರಿನ ಮುಂದೆ ಓದಿ. ಕೆಡಹುವುದೋ ದುರಸ್ತಿ ಮಾಡುವುದೋ ಎಂಬ ತೀರ್ಮಾನವನ್ನು ಪ್ರತಿ ಮನೆಯವರೂ ಅನಂತರ ಕೈಗೊಳ್ಳಲಿ.