ಇನ್ನೊಂದು ವರ್ಷ ಇರಲಿ

ಮಾತೆ ಮರಿಯಳ ಜನನೋತ್ಸವ – ಸೆಪ್ಟೆಂಬರ್ 8
ವಾಚನಗಳು: ಮೀಕ 5:1-4, ರೋಮನರಿಗೆ 8:28-30, ಮತ್ತಾಯ 1:1-16, 18-23



ಒಂಬತ್ತು ದಿನಗಳ ನೊವೇನ ಮುಗಿಸಿ ಇಂದು ನಾವು ಮಾತೆ ಮರಿಯಳ ಹುಟ್ಟುಹಬ್ಬವನ್ನು ಆಚರಿಸುತ್ತಿದ್ದೇವೆ. ದಿನವೂ ಮಕ್ಕಳು ತಟ್ಟೆ ತುಂಬ ಹೂ ತಂದು ತಾಯಿಯ ಪಾದಕ್ಕೆ ಅರ್ಪಿಸಿದರು. ಹೂವಿನಹಡಗಲಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರೂ ಅಲ್ಲಿನ ಮಲ್ಲಿಗೆ ಇಂದಿಗೂ ನಮ್ಮದೇ. ಆದರೆ ಇಂದು ನಾನು ಹೂ ಬಿಡದ ಒಂದು ಮಲ್ಲಿಗೆ ಗಿಡದ ಬಗ್ಗೆ ಹೇಳಬೇಕೆಂದಿದ್ದೇನೆ.

ಬಳ್ಳಾರಿ ನಗರದ ಒಂದು ಮನೆಗೆ ಜೂನ್ ತಿಂಗಳಲ್ಲಿ ಭೇಟಿಗೆ ಹೋಗಿದ್ದೆ. ಆ ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಮಾಳಿಗೆಯ ಮೇಲೆ ಕುಂಡದಲ್ಲಿ ಒಂದು ದುಂಡುಮಲ್ಲಿಗೆ ಗಿಡವಿತ್ತು. ಬೇಸಿಗೆ ಕಳೆದರೂ ಒಂದು ಮೊಗ್ಗಿಲ್ಲ. ಮಾತೆಯ ಹಬ್ಬಕ್ಕೆ ಮನೆಯ ಹೂವನ್ನೇ ಅರ್ಪಿಸಬೇಕೆಂಬುದು ಆ ತಾಯಿಯ ಆಸೆ. ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ತವರಿನಿಂದ ಒಂದಿಷ್ಟು ಯೂರಿಯಾ ತಂದು, ಒಂದು ಹಿಡಿ ಕುಂಡಕ್ಕೆ ಹಾಕಿದ್ದರು. ವಾರದೊಳಗೆ ಎಲೆಗಳ ಅಂಚು ಸುಟ್ಟುಹೋಯಿತು. ಗಾಬರಿಯಿಂದ ದಿನಕ್ಕೆರಡು ಸಲ ನೀರು ಹೊಯ್ದರು. ಉಳಿದ ಎಲೆಗಳೂ ಉದುರತೊಡಗಿದವು.

ಅಂದು ಆ ಮನೆಗೆ ಕುರುಗೋಡು ಕಡೆಯ ಹಿರಿಯರೊಬ್ಬರು ಬಂದಿದ್ದರು. ಅಂಜೂರದ ತೋಟದಲ್ಲಿ ದುಡಿದವರು. ಅವರು ಗೊಬ್ಬರದ ಮಾತೇ ಎತ್ತಲಿಲ್ಲ. ಮಣ್ಣಿನೊಳಗೆ ಬೆರಳಿಟ್ಟು ನೋಡಿದರು. ಕುಂಡವನ್ನು ಓರೆ ಮಾಡಿ ತಳ ನೋಡಿದರು. ನೀರು ಬಸಿಯುವ ತೂತು ಬೇರಿನಿಂದ ಮುಚ್ಚಿಹೋಗಿತ್ತು. ಮೇಲ್ಮಣ್ಣಿನಲ್ಲಿ ಬೋರಿನ ನೀರಿನ ಬಿಳಿ ಉಪ್ಪು ಕಟ್ಟಿತ್ತು. ಆಮೇಲೆ ಹೇಳಿದರು: "ತಾಯಿ, ಇದಕ್ಕ ಹಸಿವಾಗಿಲ್ಲ. ಉಸಿರು ಕಟ್ಟೈತಿ."

ಸಿರುಗುಪ್ಪದ ರೈತರಿಗೆ ಇದು ಹೊಸದಲ್ಲ. ತುಂಗಭದ್ರೆಯ ನೀರು ಬಂದದ್ದು ವರವೇ. ಆದರೆ ನೀರು ಬಸಿಯದೆ ನಿಂತರೆ ಎರೆಭೂಮಿ ಸವಳಾಗುತ್ತದೆ. ಯೂರಿಯಾದಲ್ಲಿ ಸಾರಜನಕ ಶೇಕಡ 46ರಷ್ಟಿದೆ. ಗದ್ದೆಯಲ್ಲಿ ಅದು ಎಕರೆಗಟ್ಟಲೆ ಹರಡಿಕೊಳ್ಳುತ್ತದೆ. ಕುಂಡದಲ್ಲಿ ಒಂದು ಹಿಡಿ ಹಾಕಿದರೆ ಬೇರನ್ನೇ ಸುಡುತ್ತದೆ. ಬದುಕಿ ಉಳಿದರೂ ಅತಿಯಾದ ಸಾರಜನಕ ಎಲೆ ಕೊಡುತ್ತದೆಯೇ ಹೊರತು ಹೂ ಕೊಡುವುದಿಲ್ಲ.

ಹಿರಿಯರು ಗಿಡವನ್ನು ಮೆಲ್ಲನೆ ಹೊರತೆಗೆದು, ಕಪ್ಪಾಗಿ ಕೊಳೆತ ಬೇರನ್ನು ಕತ್ತರಿಸಿದರು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮನಾಗಿ ಬೆರೆಸಿ ಮತ್ತೆ ನೆಟ್ಟರು. ಹೊಸ ಚಿಗುರು ಬರುವವರೆಗೆ ಬೇರೆ ಗೊಬ್ಬರ ಬೇಡ. ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು. ಚೇತರಿಸಿಕೊಂಡ ಮೇಲೆ ದಿನಕ್ಕೆ ಐದಾರು ತಾಸು ಬಿಸಿಲು. ಚಿಗುರಿದ ಮೇಲೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ, ಜೊತೆಗೆ ಸ್ವಲ್ಪ ಬೇವಿನ ಹಿಂಡಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಆಗ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಎಲೆಗೆ ಸಿಂಪಡಿಸಬೇಕು. ನವೆಂಬರ್ ಕೊನೆಗೆ ಸವರಬೇಕು. ಹೂವಿನ ಮಾತು ಮುಂದಿನ ಬೇಸಿಗೆಗೆ.

ಪ್ರಿಯರೇ, ಆಗ ನನಗೆ ಸಂತ ಲೂಕರ ಶುಭಸಂದೇಶದ 13ನೇ ಅಧ್ಯಾಯ ನೆನಪಾಯಿತು. ಮೂರು ವರ್ಷ ಹಣ್ಣು ಕೊಡದ ಅಂಜೂರವನ್ನು ಕಡಿದುಹಾಕು ಎನ್ನುತ್ತಾನೆ ಒಡೆಯ. ಇನ್ನೊಂದು ವರ್ಷ ಇರಲಿ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಅವನ ಮಾತಿನ ಕ್ರಮವನ್ನು ಗಮನಿಸಿ. ಮೊದಲು ಸುತ್ತಲೂ ಅಗೆಯುತ್ತೇನೆ ಎನ್ನುತ್ತಾನೆ. ಗೊಬ್ಬರ ಅದರ ನಂತರ. ನಾವು ಅಗೆಯುವುದನ್ನು ಬಿಟ್ಟು ಗೊಬ್ಬರ ಸುರಿಯುತ್ತೇವೆ.

ಇಂದಿನ ಶುಭಸಂದೇಶದ ವಂಶಾವಳಿಯೂ ಒಂದು ಮರವೇ. ಅದರಲ್ಲಿ ನೋವುಂಡ ತಾಮಾರಳಿದ್ದಾಳೆ, ಜನ ಹೀಗಳೆದ ರಾಹಾಬಳಿದ್ದಾಳೆ, ಪರನಾಡಿನ ವಿಧವೆ ರೂತಳಿದ್ದಾಳೆ. ದಾವೀದನ ಪಾಪವೂ ಅಲ್ಲಿ ಮರೆಯಾಗಿಲ್ಲ. ಬಾಬಿಲೋನಿನ ಸೆರೆಯಲ್ಲಿ ಆ ಮರ ಬುಡದವರೆಗೆ ಕಡಿದುಬಿತ್ತು ಎಂದೇ ಜನ ಭಾವಿಸಿದ್ದರು. ದೇವರು ಅದನ್ನು ಕಿತ್ತೆಸೆಯಲಿಲ್ಲ, ತಲೆಮಾರುಗಳವರೆಗೆ ಕಾದರು. ಬಹುಕಾಲ ಮಕ್ಕಳಿಲ್ಲದೆ ಅವಮಾನ ಉಂಡರೆಂದು ಪ್ರಾಚೀನ ಸಂಪ್ರದಾಯ ಹೇಳುವ ಜೋವಕಿಂ ಮತ್ತು ಅನ್ನಮ್ಮನವರ ಮಡಿಲಲ್ಲಿ ಮರಿಯಳು ಅರಳಿದಳು. ಇಂದಿನ ಹಬ್ಬ ದೇವರ ಆ ತಾಳ್ಮೆಯ ಹಬ್ಬ.

ಆ ಮನೆಯ ಮಾತು ಅಲ್ಲಿಗೇ ಮುಗಿಯಲಿಲ್ಲ. ಅವರ ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಅನುತ್ತೀರ್ಣನಾಗಿದ್ದ. ತಂದೆ ಎರಡು ಟ್ಯೂಷನ್ ಹಾಕಿಸಿದ್ದರು. ನೆಂಟರ ಮಕ್ಕಳ ಅಂಕಗಳನ್ನು ಊಟದ ಹೊತ್ತಿಗೂ ಎತ್ತಿ ಆಡುತ್ತಿದ್ದರು. ಹುಡುಗ ಮಾತು ಬಿಟ್ಟಿದ್ದ. ಗಿಡ ನೆಟ್ಟು ಕೈ ತೊಳೆಯುವಾಗ ತಾಯಿ ಮೆಲ್ಲನೆ ಕೇಳಿದರು: "ಫಾದರ್, ನಮ್ಮ ಮಗನಿಗೂ ನಾವು ಯೂರಿಯಾನೇ ಹಾಕಿದೆವೇನೋ?" ತಂದೆ ತಲೆ ತಗ್ಗಿಸಿದರು. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಎಷ್ಟೋ ಮನೆಗಳಲ್ಲಿ ನಾನೂ ಕೇಳುವ ಮೊದಲೇ ಬುದ್ಧಿ ಹೇಳಿದವನೇ.

ನಮ್ಮ ಮನೆಗಳಲ್ಲಿ ಬಾಡುತ್ತಿರುವವರು ಯಾರು? ಕುಡಿತಕ್ಕೆ ಬಿದ್ದ ಅಣ್ಣನೋ, ಮೂಲೆ ಸೇರಿದ ಅಜ್ಜಿಯೋ, ಮಾತು ಬಿಟ್ಟ ಮಗನೋ? ಇನ್ನಷ್ಟು ಬುದ್ಧಿಮಾತು ಸುರಿಯುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡೋಣ. ಪಕ್ಕದಲ್ಲಿ ಕುಳಿತು, ಏನಾಯಿತು ಎಂದು ಕೇಳೋಣ. ಉತ್ತರ ಬರುವವರೆಗೆ ಸುಮ್ಮನಿರೋಣ. ಅದೇ ಸುತ್ತ ಅಗೆಯುವ ಕೆಲಸ.

ಈ ಹಬ್ಬಕ್ಕೂ ಆ ಗಿಡ ಹೂ ಬಿಟ್ಟಿಲ್ಲ. ಎರಡು ಚಿಗುರು ಬಂದಿವೆ. ನಿನ್ನೆ ಆ ತಾಯಿ ಪೇಟೆಯ ಹೂವನ್ನೇ ತಂದು ಅರ್ಪಿಸಿದರು. ತಟ್ಟೆ ಹಿಡಿದು ಜೊತೆಗೆ ಬಂದವನು ಅವರ ಮಗ. ಗಿಡಕ್ಕೆ ಈಗ ನೀರು ಹಾಕುವವನೂ ಅವನೇ, ಬೆರಳಿಟ್ಟು ನೋಡಿದ ಮೇಲೆ.

ಮಾತೆ ಮರಿಯಳೇ, ನಮ್ಮ ಮನೆಗಳಲ್ಲಿ ಇನ್ನೂ ಅರಳದವರಿಗಾಗಿ ನಿಮ್ಮ ಪುತ್ರನಲ್ಲಿ ಬೇಡಿಕೊಳ್ಳಿ. ಅವರಿಗಾಗಿ ಕಾಯುವ ತಾಳ್ಮೆಯನ್ನು ನಮಗೆ ದೊರಕಿಸಿಕೊಡಿ. ಆಮೆನ್.