ಹಣವೋ, ಗುರುವೋ?

ಅಮೆರಿಕದಲ್ಲಿ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದವರಿಗೆ ಏಪ್ರಿಲ್ 15 ಹತ್ತಿರವಾದಂತೆ ಊಟ ರುಚಿಸುವುದಿಲ್ಲ. ಧನಸಹಾಯ ಸಹಿತ ಬಂದ ಆಹ್ವಾನಕ್ಕೆ ಹೂಂ ಅಥವಾ ಊಹೂಂ ಎನ್ನಲು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ಗಡುವು ಅದು. ಒಂದು ಕಡೆ ಶುಲ್ಕ ಮಾಫಿ, ಐದು ವರ್ಷ ಸ್ಟೈಪೆಂಡ್. ಆದರೆ ತನ್ನ ವಿಷಯ ಬಲ್ಲ ಮಾರ್ಗದರ್ಶಕರಿಲ್ಲ. ಇನ್ನೊಂದು ಕಡೆ ಮನಸ್ಸಿಗೊಪ್ಪಿದ ಪ್ರಯೋಗಾಲಯ. ಹಣದ ಖಾತರಿ ಮೊದಲ ವರ್ಷಕ್ಕಷ್ಟೆ.

ವಿದ್ಯೆಯ ಮುಂದೆ ದುಡ್ಡಿನ ಲೆಕ್ಕವೇಕೆ ಎನ್ನುವವರಿದ್ದಾರೆ. ಅವರು ಸಾಮಾನ್ಯವಾಗಿ ಬಾಡಿಗೆ ಕಟ್ಟುವವರಲ್ಲ! ವಿದ್ಯಾರ್ಥಿ ವೀಸಾದಲ್ಲಿ ಹೋದವರು ಹೊರಗೆ ಇಷ್ಟಬಂದಂತೆ ದುಡಿಯುವಂತಿಲ್ಲ. ಕ್ಯಾಂಪಸ್ಸಿನೊಳಗೂ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಯ ಮಿತಿ. ಊರಲ್ಲಿ ಜಮೀನು ಅಡವಿಟ್ಟು ತಂದ ಸಾಲದ ಬಡ್ಡಿಗೆ ಮಾತ್ರ ಮಿತಿಯೂ ಇಲ್ಲ, ರಜೆಯೂ ಇಲ್ಲ.

ಹಾಗೆಂದು ದೊಡ್ಡ ಮೊತ್ತದತ್ತ ಕಣ್ಣುಮುಚ್ಚಿ ಓಡಿದವರೂ ಸುಖವಾಗಿಲ್ಲ. ಆಸಕ್ತಿಯಿಲ್ಲದ ವಿಷಯಕ್ಕೆ ಐದಾರು ವರ್ಷ ತೆರುವುದು ಸಣ್ಣ ಬೆಲೆಯಲ್ಲ. ನನ್ನ ಕೇಳಿದರೆ, ಸರಳವಾಗಿ ಬದುಕಲು ಸಾಲುವಷ್ಟು ಸಿಗುವುದಾದರೆ ಗುರುವೇ ಮೇಲು. ಸಾಲದಿದ್ದರೆ ಗುರು ಎಷ್ಟೇ ದೊಡ್ಡವರಾದರೂ ಬೇಡ. ಅದಕ್ಕೂ ಮುಂಚೆ ಸಂಕೋಚ ಬಿಟ್ಟು ಕೇಳಬೇಕು: ಎರಡನೇ ವರ್ಷ ಬೋಧನಾ ಸಹಾಯಕರ ಕೆಲಸ ಸಿಗುತ್ತದೆಯೇ? ಬೇಸಿಗೆಯ ತಿಂಗಳುಗಳಿಗೆ ಸಂಬಳವುಂಟೇ? ಉತ್ತರ ಬಾಯಿಮಾತಲ್ಲ, ಲಿಖಿತವಾಗಿ ಬರಲಿ. ಆ ಗುರುಗಳ ಕೈಕೆಳಗೆ ಈಗ ಓದುತ್ತಿರುವವರನ್ನೂ ಮಾತಾಡಿಸಿ. ಅವರು ತಡವರಿಸಿದರೆ ಅದೂ ಉತ್ತರವೇ.

ಇನ್ನೊಂದು ಮಾತು. ಬೇಡವೆಂದು ತೀರ್ಮಾನಿಸಿದ ಸೀಟನ್ನು ಗಡುವಿನವರೆಗೆ ಹಿಡಿದಿಟ್ಟುಕೊಳ್ಳಬೇಡಿ, ಇವತ್ತೇ ಬಿಟ್ಟುಕೊಡಿ. ಅದಕ್ಕಾಗಿ ಇನ್ನೊಬ್ಬರು ಕಾಯುತ್ತಿರುತ್ತಾರೆ.