ಬಾರದ ಬಸ್ಸಿನ ಪಾಸು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನನಗೆ ಕೊಟ್ಟಿರುವ ವಿಷಯ ಬಸ್ ಪಾಸು. ಇದೇನು ಭಾಷಣ ಮಾಡುವಂಥ ವಿಷಯವಾ ಅಂತ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ನಾನೂ ಒಂದು ಕಾಲಕ್ಕೆ ಹಾಗೇ ನಕ್ಕವನು. ಆದರೆ ಬೆಳಿಗ್ಗೆ ಎಂಟಕ್ಕೆ ಕ್ರಾಸಿನಲ್ಲಿ ನಿಂತು, ಬಸ್ಸು ಬಾರದೆ, ಮೊದಲ ಪೀರಿಯಡ್ಡು ಹೋಗಿ, ಹಾಜರಿ ಹೋಗಿ, ಕಡೆಗೆ ಪರೀಕ್ಷೆಗೆ ಕೂರಿಸೋಲ್ಲ ಅಂತ ಹೇಳಿಸಿಕೊಂಡವನಿಗೆ ಇದು ನಗುವ ವಿಷಯವಲ್ಲ.

ನಮ್ಮ ಕಥೆ ಹೇಳ್ತೀನಿ. 2022ರಲ್ಲಿ ನಾನು ಡಿಗ್ರಿ ಎರಡನೇ ವರ್ಷ. ನಮ್ಮ ಹಾಸ್ಟೆಲು ಊರಾಚೆ, ಕಾಲೇಜಿಗೆ ಒಂಬತ್ತು ಕಿಲೋಮೀಟರು. ನಮ್ಮ ಹಾಸ್ಟೆಲುಗಳು ಯಾಕೆ ಯಾವಾಗಲೂ ಊರಾಚೆಯೇ ಇರುತ್ತವೆ ಅನ್ನೋದು ಬೇರೆ ಭಾಷಣ. ಜುಲೈನಲ್ಲಿ ಪಾಸು ಮಾಡಿಸಿದೆವು, ಹತ್ತು ತಿಂಗಳಿಗೆ. ಆ ವರ್ಷ ಡಿಗ್ರಿ ಹುಡುಗರಿಗೆ ದರ 1050 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 150. ನಾಲ್ಕು ತಿಂಗಳು ಬಸ್ಸು ಬಂತು. ನವೆಂಬರ್ ಒಂದನೇ ತಾರೀಖಿನಿಂದ ಬರಲಿಲ್ಲ. ರಾಜ್ಯೋತ್ಸವ, ರಜೆ ಇರಬೇಕು ಅಂದುಕೊಂಡೆವು. ಎರಡನೇ ತಾರೀಖೂ ಇಲ್ಲ, ಮೂರಕ್ಕೂ ಇಲ್ಲ. ಆಮೇಲೆ ಗೊತ್ತಾಯಿತು, ಬಸ್ಸನ್ನು ಬೈಪಾಸಿಗೆ ತಿರುಗಿಸಿದ್ದಾರೆ. ನಮಗೆ ಯಾರೂ ಹೇಳಲಿಲ್ಲ. ಬೈಪಾಸಿನಲ್ಲಿ ಹೋಗಿ ಕೈ ಅಡ್ಡ ಹಾಕಿದರೆ ತಡೆರಹಿತ ಬಸ್ಸು, ಪಾಸು ನಡೆಯೋಲ್ಲ, ಟಿಕೆಟ್ ತಗೋ ಅಂತ.

ಡಿಪೋಗೆ ಹೋದೆವು. ಯಾವ ಡಿಪೋ ಅಂತ ಹೆಸರು ಬೇಡ. ಅಲ್ಲಿ ಕೂತಿದ್ದ ಗುಮಾಸ್ತರೂ ನಮ್ಮಂಥ ಬಡವರ ಮನೆಯವರೇ ಇದ್ದಿರಬಹುದು. ಬಸ್ಸು ಬಿಡಿ, ಇಲ್ಲ ಉಳಿದ ಆರು ತಿಂಗಳ ದುಡ್ಡು ವಾಪಸ್ ಕೊಡಿ ಅಂದೆವು. ಅವರು ತಲೆ ಎತ್ತದೆ ಅಂದರು: "ನಿಮಗೆ ಫ್ರೀ ಪಾಸು ಕೊಟ್ಟಿರೋದೇ ಹೆಚ್ಚು. ಅದರ ಮೇಲೆ ರಿಫಂಡ್ ಬೇರೆಯಾ?"

ಗೆಳೆಯರೆ, ಆ ಮಾತಿಗೆ ಅವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ. ತಲೆ ತಗ್ಗಿಸಿಕೊಂಡು ಬಂದೆವು. ಉತ್ತರ ಇವತ್ತು ಹೇಳ್ತೀನಿ, ನೀವಾದರೂ ನೆನಪಿಡಿ. ಆ ಪಾಸು ಫ್ರೀ ಅಲ್ಲ. ನಾವು ಕೊಟ್ಟದ್ದು 150. ಮಿಕ್ಕ ವಿದ್ಯಾರ್ಥಿಗಳು ಕೊಡುವ ಪಾಲನ್ನು ನಮ್ಮ ಪರವಾಗಿ ಸರ್ಕಾರ ಕೊಡುತ್ತದೆ. ಸರ್ಕಾರದ ಹಣ ಅಂದರೆ ಯಾರದು? ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕೊಡುವ ನಮ್ಮ ಅವ್ವಂದಿರದ್ದು. ಅಂದಮೇಲೆ ಬಾರದ ಬಸ್ಸಿಗೆ ಹಣ ಹೋಗಿದೆ, ಅದೂ ನಮ್ಮ ಹೆಸರು ಹೇಳಿಕೊಂಡು. ನಾವು ಕೇಳಿದ್ದು ಭಿಕ್ಷೆ ಅಲ್ಲ, ಲೆಕ್ಕ.

ಲೆಕ್ಕ ಅಂದೆನಲ್ಲ, ಮಾಡಿ ನೋಡಿ. 1050 ಕೊಟ್ಟವನಿಗೆ ತಿಂಗಳಿಗೆ 105. ಆರು ತಿಂಗಳಿಗೆ 630. 150 ಕೊಟ್ಟವನಿಗೆ ತಿಂಗಳಿಗೆ 15, ಆರು ತಿಂಗಳಿಗೆ 90. ತೊಂಬತ್ತು ರೂಪಾಯಿಗೆ ಇಷ್ಟೆಲ್ಲಾ ಓಡಾಟವಾ ಅಂತ ನಮ್ಮವರೇ ಕೇಳಿದರು. ಅದೇ ತೊಂಬತ್ತು ರೂಪಾಯಿ ಲೆಕ್ಕ ಹಿಡಿದುಕೊಂಡು ಹೋದದ್ದಕ್ಕೇ ಬಸ್ಸು ತಿರುಗಿ ಬಂತು. ಸುಮ್ಮನೆ ಬಸ್ಸು ಬಿಡಿ ಸ್ವಾಮಿ ಅಂತ ಕೇಳಿದರೆ ನೋಡೋಣ ಅಂತಾರೆ. ದುಡ್ಡು ವಾಪಸ್ ಅಂದ ಕೂಡಲೆ ಫೈಲು ತೆಗೀತಾರೆ. ಇದು ನಾವು ಕಣ್ಣಾರೆ ಕಂಡದ್ದು.

ನಾವು ಮಾಡಿದ್ದು ಏನು? ಒಂದು ನೋಟ್‌ಬುಕ್ಕು ತಂದು ಹಾಸ್ಟೆಲಿನ ಬಾಗಿಲಲ್ಲಿ ದಾರ ಕಟ್ಟಿ ತೂಗುಹಾಕಿದೆವು. ದಿನಾ ಬೆಳಿಗ್ಗೆ ಇಬ್ಬರು ಕ್ರಾಸಿನಲ್ಲಿ ನಿಂತು ಬರೆಯೋದು: ತಾರೀಖು, ಗಂಟೆ, ಬಸ್ಸು ಬಂತೋ ಇಲ್ಲವೋ, ಎಷ್ಟು ಜನ ನಿಂತಿದ್ದರು, ಕೆಳಗೆ ಇಬ್ಬರ ಸಹಿ. ಒಂದು ತಿಂಗಳು ಬಿಡದೆ ಬರೆದೆವು. ಬಸ್ಸು ಸರಿಯಾಗಿ ಬರ್ತಿಲ್ಲ ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳೋಲ್ಲ. ಬರೆದದ್ದನ್ನು ಇಲ್ಲ ಅನ್ನೋಕೆ ಅವರೂ ಬರೆದೇ ತೋರಿಸಬೇಕು.

ಆಮೇಲೆ ಅರ್ಜಿ. ಡಿಪೋ ಮ್ಯಾನೇಜರಿಗೆ ಒಂದು, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು. ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಬೇಕು. ಹಾಕೋಲ್ಲ ಅಂದರೆ ಸ್ಪೀಡ್ ಪೋಸ್ಟ್. ಇಲ್ಲೊಂದು ತಪ್ಪು ಮಾಡಿದೆವು. ದುಡ್ಡು ವಾಪಸ್ ಬೇಕಾದರೆ ಮೊದಲು ಪಾಸು ಒಪ್ಪಿಸಿ ಅಂದರು, ಮೂವರು ಒಪ್ಪಿಸಿಬಿಟ್ಟರು, ರಸೀತಿ ಇಲ್ಲ. ಅವರಿಗೆ ಇತ್ತ ದುಡ್ಡೂ ಇಲ್ಲ, ಅತ್ತ ಪಾಸೂ ಇಲ್ಲ. ಜೆರಾಕ್ಸ್ ಕೊಡಿ, ಮೂಲ ಪಾಸನ್ನು ಬರಹದ ರಸೀತಿ ಇಲ್ಲದೆ ಕೊಡಬೇಡಿ ಕಣ್ರಪ್ಪ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ, 2005ರ ಕಾಯ್ದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ, ಒಂದೇ ವಿಷಯ, 150 ಪದದ ಒಳಗೆ. ನಾವು ಮೊದಲು ನಾಲ್ಕು ಪುಟ ಕಷ್ಟಸುಖ ಬರೆದಿದ್ದೆವು, ವಾಪಸ್ ಬಂತು. ಕಷ್ಟ ಕೇಳೋಕೆ ಅವರು ಕೂತಿಲ್ಲ, ದಾಖಲೆ ಕೇಳಬೇಕು. ಈ ಮಾರ್ಗದ ವೇಳಾಪಟ್ಟಿ ಕೊಡಿ, ಮಾರ್ಗ ಬದಲಿಸಿದ ಆದೇಶದ ನಕಲು ಕೊಡಿ, ಇಂಥ ತಾರೀಖಿನಿಂದ ರದ್ದಾದ ಟ್ರಿಪ್ಪುಗಳ ಪಟ್ಟಿ ಕೊಡಿ, ಅಷ್ಟೆ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ನಮಗೆ ಡಿಸೆಂಬರ್ ಕೊನೆಗೆ ಬಂತು. ಮಾರ್ಗ ಬದಲಿಸಿದ್ದು ಹೌದು ಅಂತ ಅವರ ಕಾಗದದಲ್ಲೇ ಇತ್ತು. ಜನವರಿ 16ಕ್ಕೆ ಬಸ್ಸು ಹಳೇ ದಾರಿಗೆ ಬಂತು. ಕಂಡಕ್ಟರೇ ಇಳಿದು, "ಹತ್ರಪ್ಪ ಹತ್ರಿ" ಅಂದರು.

ಕಂಡಕ್ಟರು, ಡ್ರೈವರುಗಳ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಮಾರ್ಗ ಬದಲಿಸೋದು ಅವರಲ್ಲ. 2021ರ ಏಪ್ರಿಲಿನಲ್ಲಿ ಸಂಬಳಕ್ಕಾಗಿ ಅವರೂ ಮುಷ್ಕರ ಹೂಡಿದವರು.

ದುಡ್ಡು ಬಂತಾ ಅಂತ ಕೇಳ್ತೀರಿ. ಬರಲಿಲ್ಲ. ಎರಡೂವರೆ ತಿಂಗಳದ್ದು 37 ರೂಪಾಯಿ 50 ಪೈಸೆ ಇನ್ನೂ ಬಾಕಿ. ಪಾಸು ಕೊಟ್ಟ ಮೇಲೆ ಹಣ ಹಿಂತಿರುಗಿಸೋ ಪದ್ಧತಿ ಇಲ್ಲ ಅಂದರು. ಅವರು ಪದ್ಧತಿ ಅಂದದ್ದೇ ಕಡೇ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏನು ಹೇಳುತ್ತೆ ಅಂದರೆ, ಕೊರತೆಯಿರುವ ಸೇವೆಗೆ ಪಡೆದ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂತಿರುಗಿಸದೆ ಇರುವುದು ಅನುಚಿತ ವ್ಯಾಪಾರ ಪದ್ಧತಿ. ಇನ್ನೊಂದು ಮಾತು ಅದರಲ್ಲಿದೆ, ನಮಗೆ ಬಹಳ ಮುಖ್ಯ. ಹಣ ಕೊಟ್ಟವನಷ್ಟೇ ಗ್ರಾಹಕನಲ್ಲ, ಅವನ ಒಪ್ಪಿಗೆಯಿಂದ ಸೇವೆ ಪಡೆಯುವ ಫಲಾನುಭವಿಯೂ ಗ್ರಾಹಕ. ಸರ್ಕಾರ ನಮ್ಮ ಪರವಾಗಿ ಹಣ ಕೊಟ್ಟಿದೆ ಅಂದರೆ ನಾವೂ ಕೇಳಬಹುದು ಅಂತ ವಾದಿಸೋಕೆ ಇದೇ ದಾರಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಒಂದೇ ತೊಂದರೆಯ ಹಲವರ ಪರವಾಗಿ, ಆಯೋಗದ ಅನುಮತಿ ಪಡೆದು, ಒಬ್ಬರೇ ದೂರು ಕೊಡಬಹುದು. ಗಡುವು ಎರಡು ವರ್ಷ.

ನಾವು ಹೋಗಲಿಲ್ಲ. ಬಸ್ಸು ಬಂತಲ್ಲ ಅಂತ ಸುಮ್ಮನಾದೆವು. ಪರೀಕ್ಷೆ ಬಂತು, ಚದುರಿಹೋದೆವು, ಗಡುವು ತೀರಿತು. ನೋಟ್‌ಬುಕ್ಕು ನನ್ನ ಹತ್ತಿರವೇ ಇತ್ತು, ಹೋಗಬೇಕಾಗಿದ್ದವನು ನಾನೇ. ಆದ್ದರಿಂದ ಈ ತಪ್ಪನ್ನು ಬೇರೆ ಯಾರ ಮೇಲೂ ಹಾಕೋಲ್ಲ.

ಇನ್ನೊಂದು ಹೇಳದೆ ಹೋದರೆ ಸುಳ್ಳಾಗುತ್ತೆ. ನಮ್ಮ ರೂಮಿನ ಹುಡುಗ ಒಬ್ಬ ನವೆಂಬರ್ ಪೂರಾ ನಡೆದೇ ಹೋದ. ಹೋಗ್ತಾ ಒಂಬತ್ತು, ಬರ್ತಾ ಒಂಬತ್ತು. ಡಿಸೆಂಬರಿನಲ್ಲಿ ಟ್ರಂಕು ಹೊತ್ತುಕೊಂಡು ಬೆಂಗಳೂರಿಗೆ ಪೇಂಟಿಂಗ್ ಕೆಲಸಕ್ಕೆ ಹೋದ. ಬಸ್ಸು ತಿರುಗಿ ಬಂದಾಗ ಫೋನ್ ಮಾಡಿದೆ, ಬಾರಯ್ಯ ಅಂತ. ಮೇಸ್ತ್ರಿ ಹತ್ತಿರ ಮುಂಗಡ ತಗೊಂಡಿದೀನಿ, ಬರೋಕಾಗಲ್ಲ ಅಂದ.

ತಂಗಿಯರಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ, ಸರಿ. ಆದರೆ ಬಸ್ಸೇ ಬಾರದಿದ್ದರೆ ಆ ಉಚಿತ ಟಿಕೆಟ್ ಯಾರ ಹತ್ತಿರ ಹರಿಸಿಕೊಳ್ತೀರಿ? ನೋಟ್‌ಬುಕ್ಕಿನಲ್ಲಿ ನಿಮ್ಮ ಸಹಿಯೂ ಇರಲಿ.

ಈಗ ನಿಮ್ಮ ಹಾಸ್ಟೆಲಿನ ಸಂಜೆ ಬಸ್ಸಿನ ವಿಚಾರ ಯಾರೋ ಚೀಟಿ ಕಳಿಸಿದ್ದಾರೆ. ಎಂದಿನಿಂದ ಬರ್ತಿಲ್ಲ ಅಂತ ಚೀಟಿಯಲ್ಲಿ ಬರೆದಿಲ್ಲ. ತಾರೀಖು ಯಾರಿಗಾದರೂ ನೆನಪಿದ್ದರೆ ಎದ್ದು ನಿಂತು ಹೇಳಿ, ಇಲ್ಲೇ ಬರೆದುಕೊಳ್ಳೋಣ.